ಎರಡೂ ರಿಪೋರ್ಟು ನನ್ನವೇ

ಕಾಕಾ, ಶರಣು.

ನನ್ನ ಗಡ್ಡೆಯ ಎರಡು ತುಣುಕಿಗೆ ಎರಡು ಥರದ ರಿಪೋರ್ಟ್ ಬಂದದ್ದು ಕೇಳಿ, "ರಿಪೋರ್ಟ್ ಅದಲುಬದಲ ಆಗ್ಯಾವ, ಮನಿಗೆ ಬಂದ್ಬಿಡು" ಎಂದು ಹೇಳಿ ಫೋನ್ ಇಟ್ಟುಬಿಟ್ಟಿರಿ. ಅದಕ್ಕೇ ನವನಗರದ ಕ್ಯಾನ್ಸರ್ ಆಸ್ಪತ್ರೆಯಿಂದ ಈ ಕಾರ್ಡು.

ತೆಗೆದ ಅಂಡಾಶಯದ ಗಡ್ಡೆಯ ಚಿತ್ರವನ್ನು ಡಾಕ್ಟರ್ ಸುಕನ್ಯಾ ಕಂಪ್ಯೂಟರಿನಲ್ಲಿ ತೋರಿಸಿದರು. ಒಂದು ಮೂಲೆ ಹಳದಿ, ನಡುವೆ ನೀಲಿ, ಅಂಚಿಗೆ ಕೆಂಪು. ಒಂದೊಂದು ಬಣ್ಣದ ಜೀವಕೋಶಕ್ಕೆ ಒಂದೊಂದು ಗುಣವಂತೆ. "ಗಡ್ಡಿ ಒಂದೇ ಇದ್ರೂ ಒಳಗ ಎಲ್ಲಾ ಒಂದೇ ನಮೂನಿ ಇರೂದಿಲ್ರಿ. ಎರಡೂ ತುಣುಕಿನ ಜೀನ್ ನಿಮ್ಮ ರಕ್ತದ ಜೋಡಿ ತಾಳೆ ಹಾಕಿ ನೋಡೇವಿ, ಎರಡೂ ನಿಮ್ಮವ" ಎಂದರು. ಒಂದಕ್ಕೆ ನಾಟುವ ಔಷಧ ಇನ್ನೊಂದಕ್ಕೆ ನಾಟದಿರಬಹುದು ಎಂದು ಗಡ್ಡೆಯ ಬೇರೆ ಕಡೆಯ ತುಣುಕುಗಳನ್ನೂ ಪರೀಕ್ಷೆಗೆ ಕಳಿಸಿದ್ದಾರೆ.

ನಿಮ್ಮ ಹತ್ತಿ ಅಂಗಡಿಯಲ್ಲಿ ಅಂಡಿಗೆ ಬಿಚ್ಚಿ, ಆ ಮೂಟೆಯ ಮೇಲಿನ ಒಂದು ಹಿಡಿ ಹತ್ತಿ ನೋಡಿ ನೀವು ಎಂದಾದರೂ ದರ ಹೇಳಿದ್ದೀರಾ? ನಡುವೆ ಕೈ ತೂರಿಸಿ, ತಳದಿಂದಲೂ ಎಳೆದು ನೋಡುತ್ತೀರಿ. ನನ್ನ ಗಡ್ಡೆಗೆ ಮಾತ್ರ ಒಂದೇ ಹಿಡಿ ಸಾಕೇ?

ಹೊಲಿಗೆ ಒಣಗಿದೆ, ರೊಟ್ಟಿ ಸೇರುತ್ತಿದೆ. ಸೋಮವಾರ ಔಷಧ ಶುರು. ನನ್ನನ್ನು ಕರೆತರಲು ಗಾಡಿ ಕಳಿಸಿದರೆ ಅದು ಖಾಲಿ ಮರಳುತ್ತದೆ. ಕಳಿಸುವುದೇ ಆದರೆ ಅದರಲ್ಲಿ ನೀವು ಕುಳಿತು ಬನ್ನಿ. ಆ ಚಿತ್ರ ನಿಮಗೂ ತೋರಿಸುತ್ತಾರೆ. ನಿಮ್ಮ ಕಣ್ಣಿಗೆ ನನಗಿಂತ ಬೇಗ ತಿಳಿಯುತ್ತದೆ.

ನಿಮ್ಮ ಅಣ್ಣನ ಮಗಳು,
ದಾಕ್ಷಾಯಿಣಿ