ಮಂಜೂರಾದ ರಜೆ

ಪೀಣ್ಯ, ೧೯೮೪

ಅಪ್ಪಾ,

ನೀನು ತೀರಿಹೋಗಿ ಎರಡು ವರ್ಷವಾದ ಮೇಲೆ ಇವತ್ತು ನಿನ್ನ ಕಾರ್ಖಾನೆಗೆ ಹೋಗಿದ್ದೆ. ಎಂ.ಬಿ.ಎ.ಯಲ್ಲಿ ಮಾರ್ಕೆಟಿಂಗೋ ಪರ್ಸನಲ್ಲೋ ಎಂದು ನಾಳೆ ಫಾರಂ ತುಂಬಿಕೊಡಬೇಕು. ಕಾರ್ಮಿಕರ ನೇಮಕ, ರಜೆ ನೋಡಿಕೊಳ್ಳುವ ಪರ್ಸನಲ್ ಆಫೀಸರು ದಿನವಿಡೀ ಮಾಡುವುದೇನು ಎಂಬ ಕುತೂಹಲ.

"ಪರ್ಸನಲ್ಲೇ ತಗೊಳ್ಳಮ್ಮ, ಕಾರ್ಖಾನೆ ಇರೋ ತನಕ ಕೆಲಸ ಗ್ಯಾರಂಟಿ," ಎಂದರು ಆಫೀಸರ್ ಚಿಕ್ಕಬೈರಪ್ಪ. ಆಮೇಲೆ ನಿನ್ನ ಫೈಲನ್ನೇ ತೆಗೆದು ತೋರಿಸಿದರು.

ಅದರಲ್ಲಿ ನಿನ್ನ ಒಂದೇ ಒಂದು ರಜಾ ಅರ್ಜಿ. ಕಾರಣ: ಶಾಲೆಯಲ್ಲಿ ಮಗಳಿಗೆ ಬಹುಮಾನ ಕೊಡುತ್ತಾರೆ, ನೋಡಬೇಕು. ಕೆಳಗೆ ಮಂಜೂರಿನ ಸಹಿ.

ಕಾರ್ಖಾನೆಯ ಖಾಕಿ ಬಟ್ಟೆಯಲ್ಲಿ ಶಾಲೆಗೆ ಬರಬೇಡ ಎಂದು ಹಿಂದಿನ ರಾತ್ರಿ ನಾನೇ ಹೇಳಿದ್ದೆ. ಬೆಳಿಗ್ಗೆ ನೀನು, "ರಜಾ ಸಿಗ್ನಿಲ್ಲ ಕಣಮ್ಮಿ," ಎಂದು ಊಟದ ಡಬ್ಬಿ ಹಿಡಿದು ಎಂದಿನಂತೆ ಹೊರಟೆ.

ಫಾರಂನಲ್ಲಿ ಪರ್ಸನಲ್ ಎಂದೇ ಬರೆದಿದ್ದೇನೆ.

ಅವತ್ತು ಸಂಜೆಯವರೆಗೆ ಎಲ್ಲಿದ್ದೆ ಅಪ್ಪಾ?