ಕ್ಯಾರಿಯರ್ ಇಲ್ಲದ ಸೈಕಲ್ಲು

ರಂಗಂಪೇಟೆ, ಸುರಪುರ
14 ಡಿಸೆಂಬರ್ 2025, ರವಿವಾರ

ಪ್ರೀತಿಯ ಗಂಗಾ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ನಿನ್ನ ಎದೆ ಧಸಕ್ ಎಂದಿದ್ದರೆ ಮೊದಲು ಸಮಾಧಾನ ಮಾಡಿಕೋ. ಯಾರಿಗೂ ಏನೂ ಆಗಿಲ್ಲ. ಮಲ್ಲಾಬಾಯಿ ಅಕ್ಕ ಗಟ್ಟಿಮುಟ್ಟಾಗಿದ್ದಾಳೆ, ಗಿರಣಿ ತಿರುಗುತ್ತಿದೆ, ನಾನು ತಲೆಯಿಂದ ಕಾಲಿನವರೆಗೆ ಹಿಟ್ಟು ಮೆತ್ತಿಕೊಂಡು ಎಂದಿನಂತೆ ಆರಾಮಾಗಿದ್ದೇನೆ.

ದಿನಾ ಫೋನಿನಲ್ಲಿ ಮುಖ ನೋಡುವವರಿಗೆ ಕಾಗದ ಯಾಕೆ ಬೇಕಿತ್ತು ಅಂತೀಯೇನು? ಫೋನಿನಲ್ಲಿ ನಿನ್ನ ಮುಖ ಕಂಡ ಕೂಡಲೇ ನನ್ನ ಬಾಯಿ ಕಟ್ಟುತ್ತದೆ. ಊಟ ಆಯಿತಾ, ಚಳಿ ಹೇಗಿದೆ, ಅಷ್ಟೇ. ನಡುವೆ ಮಗಳು ಶಾಂಭವಿ ತಲೆ ತೂರಿಸುತ್ತಾಳೆ. ಅಷ್ಟರಲ್ಲಿ ಯಾರೋ ಜೋಳದ ಡಬ್ಬಿ ತಂದಿಟ್ಟು "ಸಣ್ಣಗ ಬೀಸ್ರಿ, ಹಿಂದಿನ ಸಲ ರವಾ ಆಗಿತ್ತು" ಅಂತಾರೆ. ಇನ್ನೇನು ಮಾತಾಡಲಿ!

ಜುಲೈನಲ್ಲಿ ಆ ಗುಡ್ಡದ ಊರಿನಲ್ಲಿ ನೀನು ನನ್ನನ್ನು ಒಂದು ಮಾತು ಕೇಳಿದೆ. ನಮ್ಮ ಜೊತೆ ಇಲ್ಲೇ ಇರಲು ಬರುತ್ತೀರಾ ಎಂದು. ನಾನು ನೆಟ್ಟಗೆ ಉತ್ತರ ಕೊಡದೆ ವಿಮಾನ ಹತ್ತಿಬಿಟ್ಟೆ. ಆಮೇಲೆ ನೀನೂ ಕೇಳಲಿಲ್ಲ, ನಾನೂ ಎತ್ತಲಿಲ್ಲ. ಈಗ ಆ ಉತ್ತರ ಬರೆಯಲು ಕುಳಿತಿದ್ದೇನೆ. ನನ್ನ ಸ್ವಭಾವ ನಿನಗೆ ಗೊತ್ತು, ನೆಟ್ಟಗೆ ದಾರಿ ಇದ್ದರೂ ನಾಲ್ಕು ಓಣಿ ಸುತ್ತಿ ಮನೆಗೆ ಬರುವವನು. ಸಿಟ್ಟಾಗದೆ ಓದು.

ಅಲ್ಲ, ಗಂಡ ಮೊದಲ ಸಲ ಆಸ್ಟ್ರಿಯಾಕ್ಕೆ ಬಂದರೆ ಮನೆಯಲ್ಲಿ ಕೂಡಿಸಿ ಬಿಸಿ ರೊಟ್ಟಿ ಬಡಿದು ಹಾಕುವುದು ಬಿಟ್ಟು, ಸೈಕಲ್ ಹೊಡೆಯುವ ರಜೆಗೆ ಎಳೆದುಕೊಂಡು ಹೋದ ಹೆಂಡತಿ ನೀನೊಬ್ಬಳೇ ಇರಬೇಕು. ಹೊರಡುವ ಮುಂಚೆ ಇಲ್ಲಿ ಹೇಳಿದರೆ ಅಕ್ಕ ಬಿದ್ದು ಬಿದ್ದು ನಕ್ಕಳು. "ಸೈಕಲ್ ಹೊಡ್ಯಾಕ ವಿಮಾನದಾಗ ಹೊಂಟಿಯೇನೋ ದೇವ್ಯಾ? ಸುರಪುರದಾಗ ಗುಡ್ಡ ಕಡಿಮಿ ಬಿದ್ದಾವೇನು?" ಅಂದಳು. ಆದರೆ ಗಂಗಾ, ನೀನು ಅಲ್ಲಿನ ಆಸ್ಪತ್ರೆಯ ನರ್ಸ್ ಕೆಲಸ ಹಿಡಿದು ಹೋದ ಮೇಲೆ, ಹಿಂದಿನ ವರ್ಷ ಮಗಳನ್ನೂ ಕರೆಸಿಕೊಂಡ ಮೇಲೆ, ನಾವು ಮೂವರೂ ಒಂದೇ ಕೋಣೆಯಲ್ಲಿ ಮಲಗಿದ್ದು ಆ ವಾರವೇ. ಬೆಳಿಗ್ಗೆ ಎದ್ದು ನೀವಿಬ್ಬರೂ ಇನ್ನೂ ಮಲಗಿರುವುದನ್ನು ನೋಡುತ್ತ ಸುಮ್ಮನೆ ಕೂಡುತ್ತಿದ್ದೆ. ಕಿಟಕಿಯ ಆಚೆ ಆಲ್ಪ್ಸ್ ಇತ್ತು, ಜುಲೈನಲ್ಲೂ ತಲೆಯ ಮೇಲೆ ಹಿಮ ಹೊತ್ತು ನಿಂತಿತ್ತು. ಅದನ್ನು ನೋಡಿದ್ದು ಕಡಿಮೆ.

ಸೈಕಲ್ ಬಾಡಿಗೆ ಅಂಗಡಿಯ ಪ್ರಸಂಗ ಮರೆತಿಲ್ಲ ತಾನೇ? ಶಾಂಭವಿ ಅಂತೂ ಸಾಯುವವರೆಗೆ ಆಡಿಕೊಳ್ಳುತ್ತಾಳೆ. ಅಷ್ಟು ದಪ್ಪ ಟೈರು, ಅಷ್ಟು ದೊಡ್ಡ ಸ್ಪ್ರಿಂಗು, ಗಾಡಿಯ ಹಾಗೆ ಬ್ರೇಕು. ಎಲ್ಲಾ ಇದೆ, ಹಿಂದೆ ಕ್ಯಾರಿಯರ್ ಇಲ್ಲ. ಒಂದು ನೋಡಿದೆ, ಇನ್ನೊಂದು ನೋಡಿದೆ, ಸಾಲಿಗೆ ಸಾಲೇ ಹಾಗೆ. ನಾನು ಅಂಗಡಿಯ ಹುಡುಗಿಗೆ ಕೈಸನ್ನೆಯಲ್ಲಿ ಕೇಳಿದೆ, ಹಿಂದೆ ಕೂಡುವುದು ಎಲ್ಲಿ ಎಂದು. ಅವಳು ನಕ್ಕು ಒಳಗೆ ಹೋಗಿ ಕೂಸುಗಳನ್ನು ಕೂಡಿಸುವ ಕುರ್ಚಿ ತಂದಳು. ಅಲ್ಲ ಅಂದರೆ, ಎರಡು ಗಾಲಿಯ ಪುಟ್ಟ ಬಂಡಿ ಎಳೆದು ತಂದಳು. ಅದರಲ್ಲಿ ನಿನ್ನನ್ನು ಕೂಡಿಸುವುದು ಹೇಗೆ? "ಅಪ್ಪಾ, ಸುಮ್ನಿರು. ಇಲ್ಲಿ ಒಬ್ಬೊಬ್ರೇ ಹೊಡೀತಾರ" ಅಂತ ಶಾಂಭವಿ ನನ್ನ ಅಂಗಿ ಜಗ್ಗಿದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನೀನು ಮಾತ್ರ ನಗಲಿಲ್ಲ. ತಲೆ ಬಗ್ಗಿಸಿ ಹೆಲ್ಮೆಟ್ಟಿನ ಪಟ್ಟಿ ಕಟ್ಟುತ್ತಲೇ ನಿಂತಿದ್ದೆ. ನಾನು ಅದನ್ನು ನೋಡಿದ್ದೆ.

ನನ್ನದೇನು ತಪ್ಪು ಹೇಳು? ಸೈಕಲ್ ಅಂದರೆ ನನಗೆ ಹಿಂದೆ ನೀನು. ಮದುವೆಯಾದ ವಾರದಿಂದ ನಿನ್ನನ್ನು ರಂಗಂಪೇಟೆಯಿಂದ ಸುರಪುರದ ಆಸ್ಪತ್ರೆಗೆ ಬಿಟ್ಟು ಬಂದವನು. ನಾನು ತುಳಿದು ಮುಂದಕ್ಕೆ ಹೋಗಬೇಕು, ನೀನು ಎರಡು ಹೆಜ್ಜೆ ಓಡಿಬಂದು ಪಟ್ಟನೆ ಹಾರಿ ಕೂಡಬೇಕು. ಹಿಂದಿರುಗಿ ನೋಡುವ ಕೆಲಸವೇ ಇಲ್ಲ, ಸೈಕಲ್ ಒಂದು ಸಲ ಕೆಳಗೆ ಕುಸಿದರೆ ನೀನು ಕುಳಿತೆ ಎಂದು ಅರ್ಥ. ಮೋಟರ್‌ಸೈಕಲ್ ತಗೋಳ್ರಿ ಅಂತ ಓಣಿಯೆಲ್ಲ ನನಗೆ ಬುದ್ಧಿ ಹೇಳಿತು. ಬೆಳಗಿನಿಂದ ಗಿರಣಿಯ ಗದ್ದಲ ಕೇಳಿದ ಕಿವಿಗೆ ಮತ್ತೆ ಆ ಫಟಫಟಿ ಬೇರೆ ಬೇಕೇ? ನಿನಗೂ ಬೇಕಿರಲಿಲ್ಲ. ಸೈಕಲ್ಲಿನ ಮೇಲಾದರೆ ಮಾತಾಡುತ್ತ ಹೋಗಬಹುದು ಅಂತಿದ್ದೆ ನೀನು.

ಆ ಏರು ನೆನಪಿದೆಯಾ? ಇದೇನು ಕೇಳುವ ಮಾತು! ಕರಿ ಬಂಡೆಯ ಹತ್ತಿರ ಏರು ಶುರುವಾಗುತ್ತಿದ್ದಂತೆ ನೀನು ಇಳಿಯುತ್ತಿದ್ದೆ. ಇಳಿ ಎಂದು ನಾನು ಒಂದು ದಿನವೂ ಹೇಳಿದವನಲ್ಲ. ನೀನೇ ಇಳಿದು ಕ್ಯಾರಿಯರ್ ಹಿಡಿದು ತಳ್ಳುತ್ತ ಮೇಲಿನವರೆಗೆ ಬರುತ್ತಿದ್ದೆ. ನಾನು ಸೀಟಿನ ಮೇಲೆ ಕುಳಿತೇ ತುಳಿಯುತ್ತಿದ್ದೆ. ಏರು ಮುಗಿದಲ್ಲಿ ಒಂದು ಕಾಲು ನೆಲಕ್ಕೆ ಊರಿ ನಿಲ್ಲುತ್ತಿದ್ದೆ, ನೀನು ಸೆರಗಿನಿಂದ ಮುಖ ಒರೆಸಿಕೊಂಡು "ಹೂಂ, ನಡೀರಿ" ಅನ್ನುತ್ತಿದ್ದೆ. ಅಲ್ಲಿಂದ ಇಳಿಜಾರು. ಗಾಳಿಗೆ ನಿನ್ನ ಮಾತು ಅರ್ಧ ಕೇಳಿಸುತ್ತಿತ್ತು, ಅರ್ಧ ಹಾರಿ ಹೋಗುತ್ತಿತ್ತು. ಎಲ್ಲಕ್ಕೂ ನಾನು ಹೌದು ಹೌದು ಅಂತಿದ್ದೆ.

ಮತ್ತೆ ಆ ಬಾಡಿಗೆ ಅಂಗಡಿಗೇ ಬರುತ್ತೇನೆ. ಮೊಣಕಾಲಿಗೆ ಪ್ಯಾಡ್ ಕಟ್ಟಿಕೊಳ್ಳಲು ನೀನು ಪ್ಯಾಂಟು ಮೇಲಕ್ಕೆ ಸರಿಸಿದೆ. ಉದ್ದ ಗಾಯದ ಕಲೆ ಕಂಡಿತು. ಇದು ಯಾವಾಗಿನದು ಎಂದೆ. "ಸೈಕಲ್ ಕಲಿಯಾಕ ಹೋಗಿ ಬಿದ್ದಿದ್ದೆ ರಿ, ಬಂದ ಹೊಸದ್ರಾಗ. ನಸುಕಿನ ಡ್ಯೂಟಿಗೆ ಬಸ್ ಇರ್ತಿದ್ದಿಲ್ಲ" ಅಂದೆ, ಯಾರದೋ ಕಥೆ ಹೇಳಿದ ಹಾಗೆ. ಆಮೇಲೆ ಹತ್ತಿ ಹೊರಟೇಬಿಟ್ಟೆ. ನೀನು ಸೈಕಲ್ ಹೊಡೆಯುವುದನ್ನು ನಾನು ಮೊದಲ ಸಲ ಅಂದೇ ನೋಡಿದ್ದು. ನೋಡುತ್ತ ನಿಂತೆ ಗಂಗಾ. ಹೆಮ್ಮೆ ಅನ್ನಲೋ, ಸಂಕಟ ಅನ್ನಲೋ. ನೀನು ಕಲಿಯುವಾಗ ಸೀಟು ಹಿಡಿದು ಹಿಂದೆ ಓಡಬೇಕಾದವನು ನಾನು. ನೀನು ಬಿದ್ದ ದಿನವೂ ಫೋನಿನಲ್ಲಿ ನನಗೆ ಊಟ ಆಯ್ತೇನ್ರಿ ಎಂದೇ ಕೇಳಿರುತ್ತೀ.

ಆ ಊರಿನಲ್ಲಿ ಏರುವ ಕಷ್ಟವೇ ಇಲ್ಲವಲ್ಲ! ತಂತಿಗೆ ಜೋತ ಡಬ್ಬಿಯಲ್ಲಿ ಮನುಷ್ಯರು, ಹೊರಗೆ ಕೊಕ್ಕೆಗೆ ಸೈಕಲ್ಲು. ಕುರಿ ಕಡಿದು ತೂಗುಹಾಕಿದ ಹಾಗೆ ಸೈಕಲ್ ತೂಗಾಡುತ್ತಿದ್ದವು. ಕೂತಲ್ಲೇ ಗುಡ್ಡದ ನೆತ್ತಿ. ಅಲ್ಲಿಂದ ಬರೀ ಇಳಿಯುವುದು. ನೀಲಿ ಹಲಗೆ ಇದ್ದ ದಾರಿ ಮಕ್ಕಳದು ಅಂತ ಶಾಂಭವಿ ಹೇಳಿದಳು. ಆ ಮಕ್ಕಳ ದಾರಿಯಲ್ಲೇ ನಾನು ಎರಡೂ ಬ್ರೇಕು ಹಿಡಿದುಕೊಂಡು ಕಂಡ ಕಂಡ ದೇವರಿಗೆ ಹರಕೆ ಹೊತ್ತುಕೊಂಡು ಇಳಿದೆ. ತಿರುವಿನಲ್ಲಿ ಹುಲ್ಲಿಗೆ ಹೋಗಿ ಬಿದ್ದಾಗ ಕೊರಳಿಗೆ ಗಂಟೆ ಕಟ್ಟಿದ ಆಕಳೊಂದು ಬಂದು ನನ್ನ ಮುಖ ಮೂಸಿತು. "ಆಕಳಿಗೆ ಹಿಟ್ಟಿನ ವಾಸನಿ ಬಂದೈತಿ" ಅಂತ ನೀನು ನಕ್ಕ ನಗು ಇನ್ನೂ ನನ್ನ ಕಿವಿಯಲ್ಲಿದೆ. ನೀನು ಪೆಡಲ್ ಮೇಲೆ ಎದ್ದು ನಿಂತು, ಮೊಣಕೈ ಅಗಲಿಸಿ, ಮಗಳ ಹಿಂದೆ ಮರಗಳ ನಡುವೆ ಇಳಿದು ಹೋಗುತ್ತಿದ್ದೆ. ನಾನು ಮೇಲೆ ನಿಂತು ನೋಡುತ್ತಿದ್ದೆ. ತಿರುವಿನಲ್ಲಿ ಒಂದು ಸಲ ಹಿಂದಕ್ಕೆ ನೋಡುತ್ತಿದ್ದೆ ನೀನು. ಪ್ರತಿ ಸಲ ನೋಡುತ್ತಿದ್ದೆ. ಅದಕ್ಕೇ ನಾನು ಮರುದಿನವೂ ಆ ಸೈಕಲ್ ಹತ್ತಿದೆ, ಇಲ್ಲದಿದ್ದರೆ ಯಾರಿಗೆ ಬೇಕಿತ್ತು ಆ ಪೀಡೆ.

ಕೊನೆಯ ಸಂಜೆ. ಕೆಳಗಿನ ಹೊಳೆಯ ದಂಡೆಯಲ್ಲಿ ಬ್ರೆಡ್ಡು ತಿಂದೆವು. ನೀರು ಹಸಿರು, ಕಾಲಿಟ್ಟರೆ ಮರಗಟ್ಟುವಷ್ಟು ತಣ್ಣಗೆ. ನೀನು ತಿಂಥಣಿಯ ಮೀನುಗಾರರ ಮಗಳು, "ಚೆಂದ ಐತಿ ಖರೆ. ನಮ್ಮ ಕೃಷ್ಣಾ ಇದಕ್ಕಿಂತ ದೊಡ್ಡಾಕಿ" ಅಂದೆ. ಅಲ್ಲಿಂದ ಹೋಟೆಲ್ಲಿಗೆ ಸಣ್ಣದೊಂದು ಏರು. ಆ ಏರಿಗೆ ತಂತಿಯೂ ಇಲ್ಲ, ಡಬ್ಬಿಯೂ ಇಲ್ಲ. ಅರ್ಧಕ್ಕೆ ನನ್ನ ದಮ್ಮು ಕಟ್ಟಿತು. ಇಳಿದು ಬಿಡಬೇಕು ಅನ್ನುವಷ್ಟರಲ್ಲಿ ಸೈಕಲ್ ಇದ್ದಕ್ಕಿದ್ದಂತೆ ಹಗುರಾಯಿತು. ನೋಡಿದರೆ ನೀನು ನಿನ್ನ ಸೈಕಲ್ ಮಗಳ ಕೈಗೆ ಕೊಟ್ಟು ಹಿಂದೆ ಬಂದಿದ್ದೀ. ನಿನ್ನ ಕೈ ಮೊದಲು ಕ್ಯಾರಿಯರ್ ಇರುವ ಜಾಗ ಹುಡುಕಿತು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ಸೀಟು ಹಿಡಿದೆ. ಮೇಲೆ ಬಂದು ನಾನು ಎಂದಿನಂತೆ ಕಾಲೂರಿ ನಿಂತೆ. ಆಗ ಕೇಳಿದೆ ನೀನು, "ಇಲ್ಲೇ ಇರಾಕ ಬರ್ತೀರೇನ್ರಿ, ನಮ್ಮ ಕೂಡ?"

ನನ್ನ ಬಾಯಿಂದ ಬಂದದ್ದೇನು? "ಗಿರಣಿ ಯಾರು ನೋಡ್ತಾರ?" ನೀನು ಸೀಟಿನ ಮೇಲಿನ ಕೈ ತೆಗೆದು, ಶಾಂಭವಿಯಿಂದ ಸೈಕಲ್ ಇಸಿದುಕೊಂಡು ಒಳಗೆ ಹೋದೆ.

ಗಿರಣಿ ಯಾರು ನೋಡುತ್ತಾರೆ ಎಂಬುದು ಊರಿಗೆ ಬಂದ ದಿನವೇ ಗೊತ್ತಾಯಿತು. ಬ್ಯಾಗು ಇಳಿಸಿ ಗಿರಣಿಗೆ ಹೋದೆ. ಅಕ್ಕ ಸೀರೆ ಎತ್ತಿಕಟ್ಟಿ, ತಲೆಗೆ ಟವೆಲ್ ಸುತ್ತಿ, ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡುತ್ತ ನಿಂತಿದ್ದಳು. ನಮ್ಮ ಓಣಿಯಷ್ಟೇ ಅಲ್ಲ, ಆಚೆ ಓಣಿಯ ಡಬ್ಬಿಗಳೂ ಸಾಲಿಗೆ ಬಂದಿದ್ದವು. ಸಾಲಿನಲ್ಲಿ ನಿಂತಿದ್ದ ಹಣಮಮ್ಮ ನನ್ನ ಮುಖಕ್ಕೇ ಹೇಳಿದಳು, "ಮಲ್ಲಾಬಾಯಿ ಬೀಸಿದ ಹಿಟ್ಟಿನ ರೊಟ್ಟಿ ಹರಿಯಂಗಿಲ್ಲ ನೋಡ್ರಿ. ನೀವು ಇನ್ನೊಂದೀಟು ದಿನ ಅಲ್ಲೇ ಇದ್ದು ಬರಬೇಕಿತ್ತು." ಅಕ್ಕ ಮನೆಗೆ ಬಂದು ಚಹಾ ಕುಡಿಯುತ್ತ, "ಗಂಡ ಸತ್ತ ಮ್ಯಾಲ ಈ ಮನ್ಯಾಗ ಕುಂತು ಕುಂತು ಬ್ಯಾಸರಾಗಿತ್ತೋ ತಮ್ಮ. ಗಿರಣಿ ನಂಗ ಬಿಡು. ನೀ ನಿನ್ನ ಹೇಣ್ತಿ ಕಡಿ ಹೋಗು" ಅಂದಳು. ನನಗೆ ಸಿಟ್ಟು ಬಂತು. ಇದ್ದ ಒಂದು ನೆಪವನ್ನೂ ಕಸಿದುಕೊಂಡಳಲ್ಲ ಎಂದು.

ಹೌದು, ಗಿರಣಿ ನೆಪ. ಖರೆ ಮಾತು ಅಂಜಿಕೆ. ಇಲ್ಲಿ ನಾನು ಗಿರಣಿ ದೇವಿಂದ್ರಪ್ಪ, ಎದುರಿಗೆ ಬಂದವರು ನಮಸ್ಕಾರ ಅಂತಾರೆ. ಅಲ್ಲಿ ನಾನು ಯಾರು? ಭಾಷೆ ಬಾರದ, ಕೂಸಿನ ಕುರ್ಚಿ ಕೊಡಿಸಿಕೊಂಡ, ಗಂಗಾನ ಗಂಡ. ಹೆಂಡತಿ ದುಡಿಮೆಗೆ ಹೋದರೆ ಮನೆಯಲ್ಲಿ ಕೂಡುವವನು. ಆ ಯೋಚನೆ ಬಂದರೆ ಮೈ ಉರಿಯುತ್ತಿತ್ತು.

ಆದರೆ ಸುರಪುರಕ್ಕೆ ಸೈಕಲ್ ಮೇಲೆ ಹೊರಟರೆ ಕರಿ ಬಂಡೆಯ ಹತ್ತಿರ ನನ್ನ ಕಾಲು ತಾನಾಗಿ ನಿಧಾನವಾಗುತ್ತದೆ, ನೀನು ಇಳಿಯಲಿ ಎಂದು. ಏರಿನ ಮೇಲೆ ಕಾಲೂರಿ ನಿಲ್ಲುತ್ತೇನೆ. ಮೊನ್ನೆ ವೆಂಕಪ್ಪ ಎಮ್ಮೆ ಹೊಡೆದುಕೊಂಡು ಬಂದವನು, "ಯಾರ ಹಾದಿ ನೋಡಾಕತ್ತೀರಿ ಧಣಿ?" ಅಂದ. ಯಾರೂ ಇಲ್ಲ ಅಂದೆ. ಹಾಗೆ ಅಂದ ಮೇಲೆ ಗಂಗಾ, ಅಲ್ಲೇ ಒಂದು ಬಂಡೆಯ ಮೇಲೆ ಕುಳಿತು ಅತ್ತುಬಿಟ್ಟೆ. ಎಮ್ಮೆಗಳ ಹಿಂದೆ ಅವನೂ ದಾಟಿ ಹೋಗಿದ್ದ, ಯಾರೂ ನೋಡಲಿಲ್ಲ.

ಇನ್ನು ರವಿವಾರದ ಮಾತು. ರವಿವಾರ ಫೋನ್ ಎತ್ತುವುದಿಲ್ಲ, ಗಿರಣಿಯ ಗದ್ದಲ ಅಂತ ಸುಳ್ಳು ಹೇಳುತ್ತೀರಿ ಎಂದು ನೀನು ಮುನಿಸಿಕೊಂಡಿದ್ದೀ. ಸುಳ್ಳೇ. ಆಗಸ್ಟಿನಿಂದ ರವಿವಾರ ನಾನು ಪಾಠಕ್ಕೆ ಕೂಡುತ್ತಿದ್ದೆ. ಹೈದರಾಬಾದಿನ ಒಬ್ಬ ಮಾಸ್ತರರು, ಫೋನಿನ ಮೇಲೆ ಜರ್ಮನ್ ಕಲಿಸುತ್ತಾರೆ. ಹೆಂಡತಿಯ ಹತ್ತಿರ ಇರಲು ಹೋಗುವವನು ಮೊದಲು ಭಾಷೆಯ ಪರೀಕ್ಷೆ ಪಾಸಾಗಬೇಕಂತೆ. ಮೊದಲ ಸಲ ನಪಾಸಾದೆ. ಓದುವುದು ಬರೆಯುವುದು ಹೇಗೋ ನಡೆಯಿತು, ಕೇಳಿ ಉತ್ತರ ಹೇಳುವುದರಲ್ಲಿ ಗಿರಣಿಯ ಕಿವಿ ಕೈಕೊಟ್ಟಿತು. ಅದಕ್ಕೇ ನಿನಗೆ ಹೇಳಲಿಲ್ಲ, ಹೇಳಿ ನೀನು ಹಾದಿ ಕಾಯುವುದು ನನಗೆ ಬೇಡವಾಗಿತ್ತು. ಈಗ ಗಿರಣಿಗೆ ಬರುವ ಡಬ್ಬಿಗಳನ್ನೆಲ್ಲ ಐನ್ಸ್, ಟ್ಸ್ವೈ, ದ್ರೈ ಅಂತ ಎಣಿಸುತ್ತೇನೆ, ಓಣಿಯ ಹುಡುಗರು ಹಿಂದಿನಿಂದ ಅಣಕಿಸುತ್ತಾರೆ. ಎರಡನೇ ಸಲದ ಫಲಿತಾಂಶ ನಿನ್ನೆ ಬಂತು. ಪಾಸು.

ಹಾಗಾದರೆ ನನ್ನ ಉತ್ತರ ಇದು. ಬರುತ್ತೇನೆ. ನೋಡಿ ಹೋಗಲು ಅಲ್ಲ, ಇರಲು ಬರುತ್ತೇನೆ. ಬಂದು ಏನು ಮಾಡುತ್ತೇನೋ ಗೊತ್ತಿಲ್ಲ. ನೀನು ನಸುಕಿನಲ್ಲಿ ಡ್ಯೂಟಿಗೆ ಹೊರಟಾಗ ಬಿಸಿ ಚಹಾ ಮಾಡಿ ಕೊಡುವುದಂತೂ ಬರುತ್ತದೆ. ಇನ್ನೂ ನಾನು ಬೇಕು ಅನ್ನಿಸಿದರೆ ಫೋನಿನಲ್ಲಿ ಬರೀ ಹೂಂ ಅನ್ನು, ವೀಸಾದ ಕಾಗದಗಳ ಕೆಲಸ ಶುರು ಮಾಡುತ್ತೇನೆ. ಮಗಳ ಎದುರಿಗೆ ಹೆಚ್ಚು ಮಾತು ಬೇಡ, ನನಗೆ ನಾಚಿಕೆ.

ನಿನ್ನ ಹೂಂಗಾಗಿ ಕಿವಿ ತೆರೆದು ಕುಳಿತಿರುವ,
ದೇವಿಂದ್ರ

ತಾ.ಕ.: ನಮ್ಮ ಸೈಕಲ್ಲಿನ ಕ್ಯಾರಿಯರ್ ಬಿಚ್ಚಿ, ಅಕ್ಕನ ಹಳೆಯ ಸೀರೆಯಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟಿದ್ದೇನೆ. ನಿನ್ನ ಸೈಕಲ್ಲಿಗೆ ಕೂಡುತ್ತದೋ ಇಲ್ಲವೋ ಯಾರನ್ನಾದರೂ ಕೇಳಿಡು. ನಿನ್ನನ್ನು ಕೂಡಿಸಲು ಅಲ್ಲ. ಆ ಊರಿನ ದಾರಿ ನಿನಗೆ ಗೊತ್ತು, ನನಗೆ ಗೊತ್ತಿಲ್ಲ. ನೀನೇ ಹೊಡಿ, ನಾನು ಹಿಂದೆ ಕೂಡುತ್ತೇನೆ. ನೋಡಿದವರು ನಗಲಿ. ಏರು ಬಂದರೆ ಹೇಳುವುದು ಬೇಡ, ನಾನಾಗಿಯೇ ಇಳಿಯುತ್ತೇನೆ.