ದ್ರಾಕ್ಷಿ ತೋಟದ ಮೇಲ್ಗೋಡೆ

ಎಟ್ನಾ ಬೆಂಕಿಬೆಟ್ಟದ ಮೂಡಣ ಇಳಿಜಾರು
ನವೆಂಬರ್ ೨೫, ೧೯೨೮

ಫಿಲದೆಲ್ಫೊ,

ಪ್ರೀತಿಯ ಗೀತಿಯ ಎಂದೆಲ್ಲ ಬರೆಸಲು ಐದು ವರ್ಷದ ಮೇಲೆ ನನಗೆ ನಾಚಿಕೆ. ಬರೀ ಹೆಸರು ಸಾಕು. ನಾನು ಬದುಕಿದ್ದೇನೆ. ನಿನ್ನ ತಂಗಿ ಅಗ್ರಿಪ್ಪಿನಾ, ಅವಳ ಮಕ್ಕಳು, ಅವಳ ಮನೆ, ಅಂಗಳದ ನಿಂಬೆ ಮರ ಎಲ್ಲ ಉಳಿದಿವೆ. ಕತಾನಿಯಾ ಬಂದರಿನಲ್ಲಿ ಜನ ನಿನಗೆ ಏನೇನೋ ಹೇಳಿರುತ್ತಾರೆ; ಮೊದಲು ಇಷ್ಟು ಓದಿ ಉಸಿರು ಬಿಡು. ನನಗೆ ಅಕ್ಷರ ಬಾರದೆಂದು ನಿನಗೆ ಗೊತ್ತು. ಮಾತು ನನ್ನದು, ಬರೆಯುವ ಕೈ ಬೇರೆಯವರದು.

ಬೆಟ್ಟದಮ್ಮ ಈ ಸಲ ತನ್ನ ಮೇಲಿನ ಬಾಯಿಂದ ಉಗುಳಲಿಲ್ಲ. ಪಕ್ಕೆ ಸೀಳಿಕೊಂಡು ನಮ್ಮ ತಲೆಯ ಮೇಲೆಯೇ ಇಳಿದಳು. ಕೆಳಗೆ ಮಾಸ್ಕಾಲಿ ಊರಿಗೆ ಊರೇ ಕರಿ ಕಲ್ಲಿನಡಿ ಹೋಯಿತು. ಅಲ್ಲಿನವರು ತಮ್ಮ ಮನೆಯ ಹೆಂಚು, ಬಾಗಿಲು, ಕಿಟಕಿಗಳನ್ನು ತಾವೇ ಕಳಚಿ ಗಾಡಿಗೆ ಹೇರಿಕೊಂಡು ಹೋಗುವುದನ್ನು ಮೇಲಿನಿಂದ ನೋಡಿದೆ. ಯಾರೂ ಅಳುತ್ತಿರಲಿಲ್ಲ, ಕೆಲಸ ಅಷ್ಟಿತ್ತು. ಆಮೇಲೆ ಅದೇ ಲಾವಾದ ಒಂದು ಕವಲು ನಮ್ಮ ಕಡೆಗೂ ತಿರುಗಿತು.

ನನ್ನ ಅಜ್ಜಿ ವರ್ಷಗಳನ್ನು ಬೆಂಕಿಯಿಂದಲೇ ಗುರುತಿಡುತ್ತಿದ್ದಳು, ನೆನಪಿದೆಯೇ? ಅವಳ ಮದುವೆ ಅರವತ್ತೈದರ ಬೆಂಕಿಯಲ್ಲಿ. ನನ್ನ ಅಮ್ಮನ ಮೊದಲ ಹೆರಿಗೆ ಎಂಬತ್ತಾರರದರಲ್ಲಿ, ನಿಕೊಲೊಸಿ ಊರಿನ ಹೊಸ್ತಿಲಿಗೆ ಬಂದು ಲಾವಾ ನಿಂತ ವರ್ಷ. ತೊಂಬತ್ತೆರಡರದು ತಿಂಗಳುಗಟ್ಟಲೆ ಉರಿಯಿತು, ನಾನು ಆ ಬೆಳಕಿನಲ್ಲೇ ನಡೆಯಲು ಕಲಿತವಳು. ಎಲ್ಲಕ್ಕಿಂತ ಹಳೆಯದನ್ನು ಅಜ್ಜಿ ದನಿ ತಗ್ಗಿಸಿ ಹೇಳುತ್ತಿದ್ದಳು. ೧೬೬೯ರಲ್ಲಿ ಕತಾನಿಯಾದ ಗಂಡಸರು ಒದ್ದೆ ತೊಗಲು ಹೊದ್ದು ಬಂದು ಲಾವಾದ ಮಗ್ಗುಲು ಒಡೆದರಂತೆ. ಅದು ಪತೆರ್ನೊ ಕಡೆ ತಿರುಗಿತಂತೆ. ಪತೆರ್ನೊದವರು ಕತ್ತಿ ಹಿಡಿದು ಬಂದು ಅವರನ್ನು ಓಡಿಸಿದರಂತೆ. ಅಂದಿನಿಂದ ನಮ್ಮಲ್ಲಿ ಒಂದೇ ಕಟ್ಟಳೆ: ಬೆಟ್ಟದಮ್ಮ ಬರುವ ದಾರಿಯನ್ನು ಇನ್ನೊಬ್ಬರ ನೆಲದ ಮೇಲೆ ತಿರುಗಿಸಕೂಡದು. ತನ್ನ ನೆಲದ ಮೇಲೆ ತಿರುಗಿಸಿಕೊಂಡವರ ಕತೆಯನ್ನು ಅಜ್ಜಿ ಹೇಳಿರಲಿಲ್ಲ.

ಇಪ್ಪತ್ಮೂರರಲ್ಲಿ ಬೆಟ್ಟದಮ್ಮ ಲಿಂಗ್ವಗ್ಲೊಸ್ಸಾ ಕಡೆ ಇಳಿದಾಗ ನೀನು ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. “ಇವಳ ಕಾಲಬುಡದಲ್ಲಿ ಬಾಳೋರು ಹುಚ್ಚರು ಕಣೇ. ತೋಟ ಮಾರು, ಪಟ್ಟಣಕ್ಕೆ ಹೋಗೋಣ.” ಅಪ್ಪ ಬಳುವಳಿಯಾಗಿ ಕೊಟ್ಟ ತೋಟ, ಅದರೊಳಗಿನ ಮನೆ, ಮಾರುವುದಿಲ್ಲ ಎಂದೆ. “ಹಾಗಾದ್ರೆ ತೋಟದ ಜೊತೇಲೇ ಸಂಸಾರ ಮಾಡು” ಎಂದು ಹೋದೆ. ಮಾಡಿದೆ, ಫಿಲದೆಲ್ಫೊ. ಒಬ್ಬಳೇ ಬಳ್ಳಿ ಕತ್ತರಿಸಿದೆ, ಗಂಧಕ ಹೊಡೆದೆ, ಹಣ್ಣು ತುಳಿದೆ. ನಿನ್ನ ತಂಗಿ ಬಾವಿಕಟ್ಟೆಯಲ್ಲಿ ಎಲ್ಲರ ಮುಂದೆ “ಇವಳಿಗೆ ಗಂಡನಿಗಿಂತ ಬಳ್ಳಿ ಹೆಚ್ಚಾಯ್ತು” ಎಂದಳು. ಆ ದಿನದಿಂದ ನಾವಿಬ್ಬರೂ ಮುಖ ಕೊಟ್ಟು ಮಾತಾಡಿದವರಲ್ಲ. ಇಲ್ಲಿ ಬರೆಯುವ ಕೈ ನಿಂತಿತು. ಬರಿ, ಒಂದು ಅಕ್ಷರವನ್ನೂ ಬಿಡಬೇಡ ಎಂದೆ.

ಆ ಕವಲು ನಮ್ಮ ಮೇಲ್ಗೋಡೆಗೆ ಬಂದು ಒರಗಿತು. ಹಳೆಯ ಲಾವಾ ಕಲ್ಲನ್ನೇ ನನ್ನ ಮುತ್ತಜ್ಜ ಒಂದರ ಮೇಲೊಂದು ಪೇರಿಸಿದ ಗೋಡೆ ಅದು, ಜಗ್ಗಲಿಲ್ಲ. ಗೋಡೆಯ ಗುಂಟ ಜಾರಿಕೊಂಡು ಬೆಂಕಿ ನೇರ ಅಗ್ರಿಪ್ಪಿನಾ ಮನೆಗೆ ಮುಖ ಮಾಡಿತು. ಗೋಡೆ ಒಡೆದರೆ ತೋಟದ ತಗ್ಗಿನಲ್ಲಿ ತುಂಬಿಕೊಂಡು ಅಲ್ಲೇ ಆರಬಹುದಿತ್ತು. ಸುಮ್ಮನಿದ್ದರೆ ನನ್ನದು ಉಳಿಯುತ್ತಿತ್ತು. ಗಂಡಸರು ಹಾರೆ ಹಿಡಿದು ನಿಂತಿದ್ದರು, ಯಾರೂ ಕಲ್ಲು ಮುಟ್ಟಲಿಲ್ಲ. ಗಾಡಿಯ ಚಿರಿನೊ ಚಿಕ್ಕಪ್ಪ ಟೋಪಿ ತೆಗೆದು ಹೇಳಿದ: “ನಾವು ಕೇಳೋ ಹಾಗಿಲ್ಲ ಮಗಳೇ. ನೆಲ ನಿಂದು, ಹೇಳೋ ಬಾಯೂ ನಿಂದೇ.”

ಅಗ್ರಿಪ್ಪಿನಾ ಕತ್ತೆಯ ಮೇಲೆ ಹಾಸಿಗೆ ಹೇರಿ, ನಾಲ್ಕು ಮಕ್ಕಳನ್ನು ಸೆರಗಿಗೆ ಅಂಟಿಸಿಕೊಂಡು ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ, ಕೇಳಲಿಲ್ಲ. ಬಾಯಿ ಬಿಟ್ಟು ಕೇಳಿದ್ದರೆ, ನನ್ನ ಹಟ ನಿನಗೆ ಗೊತ್ತಲ್ಲ, ಕೊಡುತ್ತಿರಲಿಲ್ಲವೇನೋ.

“ಸ್ವಲ್ಪ ತಡೀರಿ, ಮನೆ ಗುಡಿಸ್ಬೇಕು” ಎಂದೆ. ಗುಡಿಸಿದೆ, ನೆಲ ಒರೆಸಿದೆ. ಮೇಜಿಗೆ ಮದುವೆಯ ಬಿಳಿ ಬಟ್ಟೆ ಹಾಸಿ ರೊಟ್ಟಿ, ಆಲಿವ್, ಗಿಣ್ಣು ಇಟ್ಟೆ. ಸಂತ ಮಾರ್ಟಿನನ ಹಬ್ಬಕ್ಕೆ ಮೊದಲು ಹೊಸ ವೈನಿನ ಪೀಪಾಯಿ ತೆರೆಯಬಾರದು; ತೆರೆದೆ, ಹೂಜಿ ತುಂಬ ತಂದಿಟ್ಟೆ. ಅಷ್ಟು ದೂರದಿಂದ ನಡೆದು ಬಂದ ಬೆಟ್ಟದಮ್ಮ ಹಸಿದು ದಣಿದಿರುತ್ತಾಳೆ, ಹಿರಿಯರು ಮಾಡಿದಂತೆ ಮಾಡಿದೆ. ಹೆಂಚು, ಬಾಗಿಲು ಕಳಚೋಣ ಎಂದ ಚಿರಿನೊ. ಬಾಗಿಲೇ ಇಲ್ಲದಿದ್ದರೆ ಅವಳಿಗೆ ತೆರೆದಿಡುವುದು ಏನನ್ನು? ಬೇಡವೆಂದೆ. ಬಾಗಿಲು ಪೂರ್ತಿ ತೆರೆದಿಟ್ಟು ಹೊರಬಂದೆ.

ಮೊದಲ ಕಲ್ಲು ನಾನೇ ಕಿತ್ತೆ. ಉಳಿದದ್ದನ್ನು ಗಂಡಸರು ಉದ್ದದ ಹಾರೆಗಳಿಂದ ಮೀಟಿದರು. ಮುರಿದ ಹೆಂಚಿನ ರಾಶಿ ಉರುಳಿದಂತೆ ಸದ್ದು ಮಾಡುತ್ತ ಅವಳು ಒಳಗೆ ನಡೆದಳು, ಮೆಲ್ಲಗೆ. ಬೆಂಕಿ ಮುಟ್ಟುವ ಮೊದಲೇ ಬಳ್ಳಿಗಳು ಸುರುಟಿಕೊಂಡವು. ಎದೆ ಬಿರಿಯುವಂತೆ ಅತ್ತೆ. ನೀನು ಹೋದ ದಿನವೂ ಹಾಗೆ ಅತ್ತಿರಲಿಲ್ಲ ಎಂದು ನೆನೆದು ಇನ್ನಷ್ಟು ಅತ್ತೆ. ಮನೆಯ ಮಾಡು ಕುಸಿದಾಗ ಗಂಡಸರೆಲ್ಲ ಟೋಪಿ ತೆಗೆದರು. ಕೆಳಗೋಡೆಯ ಹತ್ತಿರ ಲಾವಾ ನಿಂತಿತು. ಈಗಲೂ ಮಳೆ ಬಿದ್ದರೆ ಅಲ್ಲಿಂದ ಹಬೆ ಏಳುತ್ತದೆ.

ಆ ಕಲ್ಲು ಮತ್ತೆ ಮಣ್ಣಾಗಿ ಬಳ್ಳಿ ಹಿಡಿಯಲು ಇನ್ನೂರು ವರ್ಷ ಬೇಕು. ಅಷ್ಟು ದಿನ ಕಾಯಲು ನಾನಿರುವುದಿಲ್ಲ. ನಿನ್ನನ್ನು ಬಾ ಎಂದು ಕರೆಯಲು ಇದನ್ನು ಬರೆಸುತ್ತಿಲ್ಲ. ತೋಟ ಹೋಯಿತು ಪಾಪ ಎಂದು ಕನಿಕರಪಟ್ಟು ಬರುವುದಾದರೆ ಬರಲೇಬೇಡ. ಒಡಹುಟ್ಟಿದವಳ ಸುದ್ದಿ ನಿನಗೆ ತಲುಪಬೇಕಿತ್ತು, ತಲುಪಿಸಿದೆ. ಚಳಿಗೆ ಎದೆ ಮುಚ್ಚಿಕೊಂಡು ತಿರುಗು, ನಿನಗೆ ಕೆಮ್ಮು ಬೇಗ ಹಿಡಿಯುತ್ತದೆ.

ವೆನೆರಾ
(ಇದು ಅವಳು ಹಾಕಿದ ಗುರುತು) ✗

ಮರೆತ ಮಾತು: ಅಣ್ಣ, ಕೈಬರಹದ ಗುರುತು ನಿನಗೆ ಮೊದಲ ಸಾಲಿಗೇ ಸಿಕ್ಕಿರುತ್ತದೆ. ಬಾವಿಕಟ್ಟೆಯಲ್ಲಿ ನಾನಾಡಿದ್ದನ್ನು ಅತ್ತಿಗೆ ನನ್ನ ಕೈಯಲ್ಲೇ ಬರೆಸಿದಳು, ಬರೆದೆ. ಅವಳು ಬರೆಸದೆ ಬಿಟ್ಟದ್ದು ಒಂದಿದೆ. ಈಗ ಅವಳು ಒಳಗೆ ನನ್ನ ಕಿರಿಯವನನ್ನು ಮಲಗಿಸುತ್ತಿದ್ದಾಳೆ, ಅಷ್ಟರಲ್ಲಿ ಬರೆದುಬಿಡುತ್ತೇನೆ. ಆ ದಿನ ಮೇಜು ಸಿಂಗರಿಸುವಾಗ ನಾನು ಬಾಗಿಲಲ್ಲಿ ನಿಂತಿದ್ದೆ. ಬೆಟ್ಟಕ್ಕೆ ಇಡುವುದು ಒಂದು ತಟ್ಟೆ. ಅವಳು ಎರಡು ಇಟ್ಟಳು. “ಇನ್ನೊಂದು ಯಾರಿಗೆ ಅತ್ತಿಗೆ?” ಎಂದೆ. ಐದು ವರ್ಷದಲ್ಲಿ ನಾನು ಅವಳಿಗೆ ಆಡಿದ ಮೊದಲ ಮಾತು. “ನಿಮ್ಮಣ್ಣಂದು. ದಿನಾ ಇಡ್ತೀನಲ್ಲ, ಕೈಗೆ ಅಭ್ಯಾಸ” ಎಂದಳು. ಹೊರಗೆ ಬಂದವಳು, ಬೆಂಕಿ ಬಾಗಿಲ ಹತ್ತಿರ ಬರುತ್ತಿರುವಾಗ ಮತ್ತೆ ಒಳಗೆ ಓಡಿದಳು. ನಾವೆಲ್ಲ ಕಿರುಚಿದೆವು. ಆ ಮನೆಯಿಂದ ಅವಳು ಹೊರತಂದದ್ದು ನಿನ್ನ ತಟ್ಟೆ ಒಂದನ್ನೇ. ಈಗ ಅದು ನನ್ನ ಅಡುಗೆಮನೆಯ ಮೇಜಿನ ಮೇಲಿದೆ. ದಿನಾ ತೊಳೆದಿಡುತ್ತಾಳೆ. ಬಂದು ಊಟ ಮಾಡು.

ಅಗ್ರಿಪ್ಪಿನಾ